ನದಿ ಉಕ್ಕಿದರೆ ಮೇಲೆ ಮಳೆಯಾಗಿದೆಯೇ?

ಆಸ್ಟ್ರೇಲಿಯಾದ ವೈದ್ಯ ನೀಲ್ ಹ್ಯಾಮಿಲ್ಟನ್ ಫೇರ್ಲಿ 1922ರಲ್ಲಿ ಮುಂಬಯಿಗೆ ಬಂದರು. ಉಷ್ಣವಲಯದ ಕಾಯಿಲೆಗಳ ಅಧ್ಯಯನ ಅವರ ಕೆಲಸ. ಅವರನ್ನು ಬಹುವಾಗಿ ಕಾಡಿದ್ದು ‘ಸ್ಪ್ರೂ’. ತಿಂದದ್ದು ಮೈಗೆ ಹತ್ತದೆ, ಜಿಡ್ಡು ಜಿಡ್ಡಾದ ಭೇದಿಯಾಗಿ, ರಕ್ತ ಕುಂದಿ, ಮನುಷ್ಯ ದಿನೇ ದಿನೇ ಕರಗಿಹೋಗುವ ಕಾಯಿಲೆ ಅದು. ಅದನ್ನು ಅಭ್ಯಾಸ ಮಾಡುತ್ತಿದ್ದ ಫೇರ್ಲಿಯವರಿಗೂ ಅದೇ ಬಂದು, 1925ರಲ್ಲಿ ಅವರು ಭಾರತ ಬಿಡಬೇಕಾಯಿತು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿದ್ದ ಪರ್ಸಿವಲ್ ಮ್ಯಾಕಿ ಈ ಕೆಲಸದಲ್ಲಿ ಅವರ ಜೊತೆಗಾರರು. 1937ರಲ್ಲಿ ಇಬ್ಬರೂ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಕರುಳಿಗೆ ಅಂಟಿಕೊಂಡ ದುಗ್ಧಗ್ರಂಥಿಗಳಲ್ಲಿ ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಕ್ಯಾನ್ಸರ್ ಇದ್ದ ಕೆಲವರಿಗೆ ಸ್ಪ್ರೂ ರೋಗಿಗಳಂತೆಯೇ ಜಿಡ್ಡಿನ ಭೇದಿ ಇದ್ದದ್ದನ್ನು ಅವರು ಕಂಡಿದ್ದರು. ಆ ಕಾಲಕ್ಕೆ ಸಹಜವಾಗಿ ತೋರಿದ ವಿವರಣೆ ಇದು: ಗ್ರಂಥಿಗಳು ಊದಿಕೊಂಡಿವೆ, ಕೊಬ್ಬು ಮೇಲೇರುವ ದಾರಿ ಕಟ್ಟಿಕೊಂಡಿದೆ, ಹಾಗಾಗಿ ಅದು ಹೊರಗೆ ಹೋಗುತ್ತಿದೆ. ಕ್ಯಾನ್ಸರ್ ಮೊದಲು, ಭೇದಿ ಆಮೇಲೆ.

ಇಪ್ಪತ್ತೈದು ವರ್ಷ ಈ ತಿಳಿವಳಿಕೆ ಉಳಿಯಿತು. 1962ರಲ್ಲಿ ಗಾಫ್, ರೀಡ್ ಮತ್ತು ನೈಶ್ ಎಂಬ ಇಂಗ್ಲೆಂಡಿನ ಮೂವರು ವೈದ್ಯರು ‘ಗಟ್’ ಪತ್ರಿಕೆಯಲ್ಲಿ ಇದನ್ನು ತಲೆಕೆಳಗು ಮಾಡಿದರು. ರೋಗಿಗಳ ಹಿಂದಿನ ವರ್ಷಗಳನ್ನು ಕೆದಕಿ ನೋಡಿದರೆ ಭೇದಿಯೇ ಮೊದಲು ಬಂದಿತ್ತು. ಕರುಳು ಬಹಳ ಕಾಲ ಬೆಂದು ಬಸವಳಿದ ಮೇಲೆ ಕ್ಯಾನ್ಸರ್ ಹುಟ್ಟಿತ್ತು.

ನ್ಯಾಯದರ್ಶನವನ್ನು ಓದಿದವರಿಗೆ ಈ ತಿರುವು ಹೊಸದೆನಿಸುವುದಿಲ್ಲ. ಗೌತಮರ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಅನುಮಾನವನ್ನು, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವುದನ್ನು, ಪ್ರಮಾಣವೆಂದು ಒಪ್ಪದ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ನದಿ ಉಕ್ಕಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುತ್ತೀರಿ, ಕೆಳಗೆ ಯಾರೋ ಒಡ್ಡು ಕಟ್ಟಿದರೂ ನೀರು ಏರುತ್ತದಲ್ಲ? ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದನ್ನು ಕಂಡು ಮಳೆ ಬರುತ್ತದೆ ಎನ್ನುತ್ತೀರಿ, ಗೂಡು ಕೆಡಿಸಿದರೂ ಅವು ಹೊರಡುತ್ತವಲ್ಲ? ನವಿಲಿನ ಕೂಗು ಕೇಳಿ ನವಿಲಿದೆ ಎನ್ನುತ್ತೀರಿ, ಮನುಷ್ಯನೇ ಹಾಗೆ ಕೂಗಿರಬಹುದಲ್ಲ? ಇದಕ್ಕೆ ಸಿದ್ಧಾಂತಿ ಕೊಡುವ ಉತ್ತರವನ್ನು ಭಾಷ್ಯಕಾರ ವಾತ್ಸ್ಯಾಯನರು ಬಿಡಿಸಿ ಹೇಳುತ್ತಾರೆ. ನೀರು ಏರಿದ್ದಷ್ಟೇ ಹೇತುವಾಗಲಾರದು. ಹರಿವು ಮೊದಲಿಗಿಂತ ರಭಸವಾಗಿದೆಯೇ, ನೊರೆ ಹೆಚ್ಚಿದೆಯೇ, ಹಣ್ಣು, ಎಲೆ, ಕಟ್ಟಿಗೆ ಕೊಚ್ಚಿ ಬರುತ್ತಿವೆಯೇ ಎಂದು ನೋಡಬೇಕು. ಇವೆಲ್ಲ ಕೂಡಿದ ಉಕ್ಕು ಮಾತ್ರ ಮೇಲಿನ ಮಳೆಯನ್ನು ತಿಳಿಸುತ್ತದೆ. ಒಡ್ಡಿನಿಂದ ಏರಿದ ನೀರನ್ನು ಕಂಡು ಮಳೆ ಎಂದವನು ಸರಿಯಾಗಿ ನೋಡಿಲ್ಲ, ಅಷ್ಟೆ. ಅವನ ತಪ್ಪನ್ನು ಅನುಮಾನದ ಮೇಲೆ ಹೊರಿಸಬಾರದು.

ಸಣ್ಣ ಕರುಳಿನ ಟಿ-ಕೋಶ (ಒಂದು ಬಗೆಯ ಬಿಳಿರಕ್ತಕಣ) ಲಿಂಫೋಮಾಗಳನ್ನು ಗುರುತಿಸಲು ವೈದ್ಯರು ಪಟ್ಟ ಪಾಡು ಈ ಒಂದು ವಾದಕ್ಕೆ ಬರೆದ ದೀರ್ಘ ಟಿಪ್ಪಣಿಯಂತಿದೆ. ಇವು ಅತಿ ವಿರಳ ರೋಗಗಳು. ಪಾಶ್ಚಾತ್ಯ ದೇಶಗಳಲ್ಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೆ ಬಂದರೆ ಹೆಚ್ಚು. ಆದರೆ ಒಬ್ಬ ಮನುಷ್ಯ ಇನ್ನೊಬ್ಬನ ಒಡಲೊಳಗಿನ ಸಂಗತಿಯನ್ನು ‘ಬಲ್ಲೆ’ ಎಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆ ಇಷ್ಟು ಮೊನಚಾಗಿ ನಿಲ್ಲುವ ಜಾಗ ವೈದ್ಯಶಾಸ್ತ್ರದಲ್ಲೇ ಕಡಿಮೆ.

ಮೊದಲ ಕಷ್ಟ ಪ್ರತ್ಯಕ್ಷದ್ದೇ. ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದ. ಬಾಯಿಂದ ಇಳಿಸುವ ಸಾಮಾನ್ಯ ಎಂಡೋಸ್ಕೋಪ್ ಅದರ ಮೊದಲ ಸ್ವಲ್ಪ ಭಾಗವನ್ನು ಕಾಣುತ್ತದೆ, ಕೆಳಗಿನಿಂದ ಹೋಗುವ ಕೊಲೊನೊಸ್ಕೋಪ್ ಕೊನೆಯ ಸ್ವಲ್ಪವನ್ನು. ಈ ಲಿಂಫೋಮಾ ಹೆಚ್ಚಾಗಿ ಬೆಳೆಯುವುದು ನಡುವಿನ ಜೆಜುನಮ್‌ನಲ್ಲಿ. ಕ್ಯಾಮೆರಾ ಇರುವ ಮಾತ್ರೆಯನ್ನು ನುಂಗಿಸುವ ವಿಧಾನವನ್ನು ಇಸ್ರೇಲಿನ ಗವ್ರಿಯೆಲ್ ಇಡ್ಡಾನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು 2000ದಲ್ಲಿ. ಎರಡು ಬಲೂನುಗಳ ನೆರವಿನಿಂದ ಕರುಳನ್ನು ಮಡಿಸಿಕೊಳ್ಳುತ್ತ ಒಳಗೆ ಸಾಗುವ ಎಂಟರೋಸ್ಕೋಪನ್ನು ಜಪಾನಿನ ಹಿರೊನೊರಿ ಯಮಾಮೊಟೊ ವಿವರಿಸಿದ್ದು 2001ರಲ್ಲಿ. ಮಾತ್ರೆ ನೋಡಬಲ್ಲದು, ಚೂರು ಕತ್ತರಿಸಿ ತರಲಾರದು. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಲೂಬಹುದು. ಹೀಗಾಗಿ ಇವತ್ತಿಗೂ ಅನೇಕ ರೋಗಿಗಳಲ್ಲಿ ಕಾಯಿಲೆ ಕಣ್ಣಿಗೆ ಬೀಳುವುದು ಕರುಳು ತೂತಾಗಿ ಅಥವಾ ಕಟ್ಟಿಕೊಂಡು ತುರ್ತಾಗಿ ಹೊಟ್ಟೆ ತೆರೆದಾಗಲೇ.

ಕಂಡ ಮೇಲೂ ಅದು ಏನೆಂದು ತಿಳಿಯಬೇಕಲ್ಲ. ಕರುಳಿನ ಒಳಪದರದ ಕೋಶಗಳ ನಡುನಡುವೆ ಟಿ-ಕೋಶಗಳು ಕಾವಲಿಗಿರುತ್ತವೆ. ನೂರು ಪದರಕೋಶಗಳಿಗೆ ಇಪ್ಪತ್ತೈದರವರೆಗೆ ಇದ್ದರೆ ಸಹಜ. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಇವು ವಿಪರೀತ ಹೆಚ್ಚುತ್ತವೆ, ಆಹಾರ ಹೀರುವ ಬೆರಳಿನಾಕಾರದ ವಿಲ್ಲೈಗಳು ಸವೆದು ನೆಲ ಸಮತಟ್ಟಾಗುತ್ತದೆ. ಗ್ಲೂಟೆನ್ ಬಿಟ್ಟರೆ ಬಹುತೇಕರಿಗೆ ಇದು ವಾಸಿ. ಈ ನಂಟನ್ನು ಗುರುತಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ, 1950ರಲ್ಲಿ ಅದೇ ಅವರ ಮಹಾಪ್ರಬಂಧವಾಯಿತು. ಪಥ್ಯ ಮಾಡಿದರೂ ವಾಸಿಯಾಗದ ಕೆಲವೇ ಮಂದಿಯಲ್ಲಿ ಮಾತ್ರ ಕಾವಲಿನ ಟಿ-ಕೋಶಗಳ ಒಂದು ವಂಶ ತನ್ನ ಮೇಲ್ಮೈಯ ಗುರುತುಗಳನ್ನು ಕಳಚಿಕೊಂಡು ತಾನೇ ತಾನಾಗಿ ಬೆಳೆಯತೊಡಗುತ್ತದೆ. ಇದಕ್ಕೆ ಎರಡನೆಯ ಬಗೆಯ ‘ರಿಫ್ರಾಕ್ಟರಿ ಸೀಲಿಯಾಕ್’ ಎನ್ನುತ್ತಾರೆ. ಇಂಥವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಐದು ವರ್ಷದೊಳಗೆ ಪೂರ್ಣಪ್ರಮಾಣದ ಲಿಂಫೋಮಾ ಬರುತ್ತದೆ. ಅದನ್ನು ‘ಎಂಟರೋಪತಿ ಅಸೋಸಿಯೇಟೆಡ್ ಟಿ-ಸೆಲ್ ಲಿಂಫೋಮಾ’ ಎಂದು ಕರೆಯುತ್ತಾರೆ.

ಈ ಹೆಸರು ಸುಲಭವಾಗಿ ಬಂದದ್ದಲ್ಲ. ಸೌತಾಂಪ್ಟನ್‌ನ ಪೀಟರ್ ಐಸಾಕ್ಸನ್ ಮತ್ತು ಡೆನ್ನಿಸ್ ರೈಟ್ ಎಂಬ ಪೆಥಾಲಜಿಸ್ಟ್‌ಗಳು 1978ರಲ್ಲಿ ಇಂಥ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇವು ಹಿಸ್ಟಿಯೋಸೈಟ್ ಎಂಬ ಬೇರೆಯದೇ ಜಾತಿಯ ಕೋಶಗಳ ಕ್ಯಾನ್ಸರ್ ಎಂದು ಬರೆದರು. ಇಬ್ಬರೂ ಸಾಮಾನ್ಯರಲ್ಲ. ರೈಟ್ ಉಗಾಂಡಾದಲ್ಲಿ ಡೆನಿಸ್ ಬರ್ಕಿಟ್ ಅವರ ಹೆಸರಿನ ಲಿಂಫೋಮಾದ ಮೇಲೆ ಕೆಲಸ ಮಾಡಿದ್ದವರು. ಇದೇ ಜೋಡಿ 1983ರಲ್ಲಿ ‘ಮಾಲ್ಟ್’ ಲಿಂಫೋಮಾವನ್ನು ಗುರುತಿಸಿ ಹೆಸರಾಯಿತು. ಕೋಶಗಳು ದೊಡ್ಡವಾಗಿದ್ದವು, ವಿಕಾರವಾಗಿದ್ದವು, ಸುತ್ತ ನಿಜವಾದ ಹಿಸ್ಟಿಯೋಸೈಟ್‌ಗಳೂ ನೆರೆದಿದ್ದವು. ಕಣ್ಣು ಕಂಡದ್ದನ್ನೇ ಅವರು ಹೇಳಿದ್ದರು. ಟಿ-ಕೋಶದ ಗ್ರಾಹಕದ ಜೀನ್‌ಗಳನ್ನು ಬೇರ್ಪಡಿಸಿ ಓದುವುದು ಸಾಧ್ಯವಾದದ್ದು 1984ರಲ್ಲಿ. ಮರುವರ್ಷವೇ ಐಸಾಕ್ಸನ್ ತಮ್ಮದೇ ಗಡ್ಡೆಗಳನ್ನು ಆ ಪರೀಕ್ಷೆಗೆ ಒಡ್ಡಿ, ಅವು ಟಿ-ಕೋಶಗಳಿಂದಲೇ ಹುಟ್ಟಿದವೆಂದು ‘ಲ್ಯಾನ್ಸೆಟ್’ನಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಹೆಸರು 1986ರಲ್ಲಿ ಡಬ್ಲಿನ್‌ನ ಸಂಶೋಧಕರ ಬರಹದಲ್ಲಿ ಬಂತು.

ತನ್ನ ಸಿದ್ಧಾಂತವನ್ನು ಮುರಿಯುವ ಸಾಧನ ಕೈಗೆ ಬಂದ ಕೂಡಲೇ ಅದನ್ನು ತನ್ನ ಮೇಲೆಯೇ ಪ್ರಯೋಗಿಸುವುದು ದೊಡ್ಡ ಗುಣ. ನ್ಯಾಯಶಾಸ್ತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ಗೆಲ್ಲುವ ಹಟವಿಲ್ಲದೆ ತತ್ತ್ವವನ್ನು ತಿಳಿಯಲು ನಡೆಸುವುದಷ್ಟೇ ವಾದ. 1978ಕ್ಕೂ 1985ಕ್ಕೂ ನಡುವೆ ನಡೆದದ್ದು ಆ ಅರ್ಥದ ವಾದ.

ಹಾಗಾದರೆ ಜೀನ್ ಪರೀಕ್ಷೆ ಬಂದ ಮೇಲೆ ಸಂಶಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಈ ವಿಷಯದ ತತ್ತ್ವ ಅತ್ಯಂತ ಗಹನವಾಗುವುದು ಇಲ್ಲಿಯೇ.

ಪ್ರತಿಯೊಂದು ಟಿ-ಕೋಶಕ್ಕೂ ಅದರದೇ ಗ್ರಾಹಕ ಇರುತ್ತದೆ. ಒಂದು ಚೂರು ಅಂಗಾಂಶದಲ್ಲಿ ಸಾವಿರಾರು ಟಿ-ಕೋಶಗಳಿಗೂ ಒಂದೇ ಗ್ರಾಹಕ ಸಿಕ್ಕರೆ ಅವೆಲ್ಲ ಒಂದೇ ಕೋಶದ ಸಂತಾನ, ಅಂದರೆ ಏಕಮೂಲದವು. ಕ್ಯಾನ್ಸರ್ ಏಕಮೂಲದ್ದು. ಆದ್ದರಿಂದ ಏಕಮೂಲವಾದದ್ದು ಕ್ಯಾನ್ಸರ್ ಎಂಬ ನಂಬಿಕೆ ಬಹಳ ಕಾಲ ಸದ್ದಿಲ್ಲದೆ ಕೆಲಸ ಮಾಡಿತು. ತರ್ಕಶಾಸ್ತ್ರದ ಮೊದಲ ಪಾಠ ಕಲಿತ ವಿದ್ಯಾರ್ಥಿಯೂ ಇಲ್ಲಿ ತಡೆಯುತ್ತಾನೆ. ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆ ಎಂದಮಾತ್ರಕ್ಕೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ, ಅದಕ್ಕೆ ಹಸಿ ಕಟ್ಟಿಗೆಯೂ ಬೇಕು. ಈ ‘ಹಸಿ ಕಟ್ಟಿಗೆ’ಯನ್ನು ನೈಯಾಯಿಕರು ಉಪಾಧಿ ಎಂದು ಕರೆದರು. ಉಪಾಧಿ ಇರುವ ಕಡೆ ವ್ಯಾಪ್ತಿ, ಅಂದರೆ ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎಂಬ ನಿಯಮ, ನಿಲ್ಲುವುದಿಲ್ಲ.

2013ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಅನಾಮಾರಿಯಾ ಪೆರಿ ಮತ್ತು ಸಹೋದ್ಯೋಗಿಗಳು ಹತ್ತು ರೋಗಿಗಳ ವೃತ್ತಾಂತ ಕೊಟ್ಟರು. ಅವರ ಜೀರ್ಣಾಂಗದಲ್ಲಿ ಏಕಮೂಲದ ಟಿ-ಕೋಶಗಳು ದಟ್ಟವಾಗಿ ತುಂಬಿದ್ದವು. ಆದರೆ ರೋಗ ವರ್ಷಗಟ್ಟಲೆ ಇದ್ದಲ್ಲೇ ಇತ್ತು. ಕಿಮೊಥೆರಪಿ ಕೊಟ್ಟವರಲ್ಲೂ ಅದು ಹೋಗಲಿಲ್ಲ, ಕೊಡದವರಲ್ಲೂ ಹರಡಿ ಕೊಲ್ಲುವ ಸ್ವಭಾವ ತೋರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 2011ರಲ್ಲಿ, ಅದೇ ಪತ್ರಿಕೆಯಲ್ಲಿ ಎಂಟು ರೋಗಿಗಳಲ್ಲಿ ಎನ್‌ಕೆ ಎಂಬ ಇನ್ನೊಂದು ಬಗೆಯ ಬಿಳಿರಕ್ತಕಣಗಳಿಂದಾದ ‘ಎನ್‌ಕೆ-ಕೋಶ ಎಂಟರೋಪತಿ’ಯ ವರದಿ ಬಂದಿತ್ತು. ಅವರ ಹೊಟ್ಟೆ, ಕರುಳುಗಳಲ್ಲಿ ಹುಣ್ಣುಗಳಿದ್ದವು, ಬಯಾಪ್ಸಿಯಲ್ಲಿ ಕ್ಯಾನ್ಸರಿನಂತೆಯೇ ತೋರುವ ಸಿಡಿ56 ಗುರುತಿನ ಕೋಶಗಳಿದ್ದವು. ಕೆಲವರಿಗೆ ಉಗ್ರ ಲಿಂಫೋಮಾ ಎಂದು ತಿಳಿದು ಕಿಮೊಥೆರಪಿಯನ್ನೂ ಕೊಡಲಾಗಿತ್ತು. ಆದರೆ ಈ ಹುಣ್ಣುಗಳು ತಾವಾಗಿ ಬಂದು ತಾವಾಗಿ ಹೋಗುವಂಥವು.

ಬೇಡದ ಕಿಮೊಥೆರಪಿ ಎಂದರೆ ಏನೆಂದು ಆ ಹಾದಿಯಲ್ಲಿ ನಡೆದವರಿಗೆ ಗೊತ್ತು. ಕೂದಲು, ಹಸಿವು, ರಕ್ತ, ಮಕ್ಕಳನ್ನು ಪಡೆಯುವ ಶಕ್ತಿ ಹೋಗಬಹುದು, ಉಳಿತಾಯ ಕರಗುತ್ತದೆ, ಕೆಲವೊಮ್ಮೆ ಪ್ರಾಣವೂ. ‘ಕ್ಯಾನ್ಸರ್’ ಎಂಬ ಮಾತು ಮನೆಯೊಂದನ್ನು ಹೊಕ್ಕರೆ ಅದೇ ಒಂದು ಪೆಟ್ಟು. ತಪ್ಪು ವ್ಯಾಪ್ತಿಯ ಬೆಲೆಯನ್ನು ತರ್ಕಶಾಸ್ತ್ರಜ್ಞ ಸಭೆಯಲ್ಲಿ ಸೋತು ತೀರಿಸಿದರೆ, ಇಲ್ಲಿ ಅದನ್ನು ತೀರಿಸುವವನು ರೋಗಿ.

ವಿಷಯ ಇಲ್ಲಿಗೂ ನಿಲ್ಲಲಿಲ್ಲ. ಮುಂದೆ ಈ ಶಾಂತ ಸ್ವಭಾವದ ಟಿ-ಕೋಶ ರೋಗಗಳ ಕೆಲವು ಗಡ್ಡೆಗಳಲ್ಲಿ ಸ್ಟ್ಯಾಟ್3 ಮತ್ತು ಜ್ಯಾಕ್2 ಜೀನ್‌ಗಳು ಬೆಸೆದುಕೊಂಡದ್ದು 2018ರಲ್ಲಿ ಕಂಡಿತು. ‘ನಿರುಪದ್ರವಿ’ ಎಂದಿದ್ದ ಎನ್‌ಕೆ-ಕೋಶ ರೋಗದಲ್ಲೂ ಜ್ಯಾಕ್3 ಜೀನಿನ ರೂಪಾಂತರಗಳು 2019ರಲ್ಲಿ ಸಿಕ್ಕವು. ಮೂಲದಲ್ಲಿ ಅವು ಗಡ್ಡೆಗಳೇ, ಆದರೆ ನಡತೆಯಲ್ಲಿ ಸೌಮ್ಯ. ಟಿ-ಕೋಶದ ಬಗೆಯಲ್ಲಿ ಕೆಲವು ಬಹುವರ್ಷಗಳ ನಂತರ ಉಗ್ರವಾಗಿ ತಿರುಗಿದ್ದೂ ಉಂಟು. 2022ರಲ್ಲಿ ಎರಡು ಅಂತರರಾಷ್ಟ್ರೀಯ ವರ್ಗೀಕರಣಗಳು ಒಟ್ಟಿಗೇ ಬಂದವು. ವಿಶ್ವ ಆರೋಗ್ಯ ಸಂಸ್ಥೆಯದು ಟಿ-ಕೋಶದ ಈ ರೋಗವನ್ನು ಸೌಮ್ಯ ‘ಲಿಂಫೋಮಾ’ ಎಂದು ಕರೆಯಿತು. ಇನ್ನೊಂದು, ಅದನ್ನು ಲಿಂಫೋಮಾ ಎನ್ನದೆ ಕೋಶಗಳು ಹೆಚ್ಚುವ ಏಕಮೂಲದ ‘ಡಿಸಾರ್ಡರ್’ ಎಂದೇ ಉಳಿಸಿಕೊಂಡಿತು. ಒಂದೇ ಸ್ಲೈಡು, ಒಂದೇ ಕೋಶಗಳು, ಜಗತ್ತಿನ ಶ್ರೇಷ್ಠ ಪಂಡಿತರ ಎರಡು ಸಭೆಗಳು, ಎರಡು ತೀರ್ಪು.

ಹೆಸರು ತಿಳಿಯದಿದ್ದರೆ ವೈದ್ಯ ನಾಚಬೇಕಿಲ್ಲ, ಎಲ್ಲ ವಿಕಾರಗಳಿಗೂ ನಿಶ್ಚಿತವಾದ ಹೆಸರಿರುವುದಿಲ್ಲ ಎಂದು ಚರಕಸಂಹಿತೆಯ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಕೆರಳಿದ ಒಂದೇ ದೋಷ ಬೇರೆ ಬೇರೆ ಸ್ಥಾನಗಳಿಗೆ ಹೋಗಿ, ಬೇರೆ ಬೇರೆ ಕಾರಣಗಳಿಂದ ಹಲವು ರೋಗಗಳನ್ನು ಉಂಟುಮಾಡುತ್ತದೆ. ಆದ್ದರಿಂದ ವಿಕಾರದ ಪ್ರಕೃತಿ, ಅದು ನೆಲೆಸಿದ ಜಾಗ, ಹುಟ್ಟಿದ ಕಾರಣ, ಈ ಮೂರನ್ನು ಅರಿತು ಕೆಲಸಕ್ಕೆ ಇಳಿ ಎನ್ನುತ್ತದೆ ಆ ಗ್ರಂಥ. ಇಂದಿನ ಪೆಥಾಲಜಿಸ್ಟ್ ಮಾಡುವುದೂ ಇದನ್ನೇ. ಕೋಶಗಳು ಲೋಳೆಪದರದಲ್ಲೇ ನಿಂತಿವೆಯೇ, ಗೋಡೆಯನ್ನು ಕೊರೆದು ಆಳಕ್ಕೆ ಇಳಿದಿವೆಯೇ? ಕೆಐ-67 ಎಂಬ ಗುರುತು ತೋರುವ ವೃದ್ಧಿಯ ವೇಗ ಶೇಕಡಾ ಹತ್ತಕ್ಕಿಂತ ಕಡಿಮೆಯೇ, ಬಹಳ ಹೆಚ್ಚೇ? ಸಿಡಿ3 ಇದೆ, ಸಿಡಿ5 ಕಳೆದುಹೋಗಿದೆಯೇ? ಸಿಡಿ30 ಇದೆಯೇ? ಎಪ್‌ಸ್ಟೀನ್-ಬಾರ್ ವೈರಸ್ಸಿನ ಕುರುಹು ಇದೆಯೇ? ಪಕ್ಕದ ಕರುಳು ಸಹಜವಾಗಿದೆಯೇ, ಸವೆದಿದೆಯೇ? ರೋಗಿ ಎಷ್ಟು ವರ್ಷದಿಂದ ನರಳುತ್ತಿದ್ದಾನೆ? ವಾತ್ಸ್ಯಾಯನರು ಕೇಳಿದ ನೊರೆ, ಎಲೆ, ಕಟ್ಟಿಗೆಗಳು ಇವೇ. ಒಂದೊಂದೇ ಹಿಡಿದರೆ ಯಾವುದೂ ಸಾಲದು.

ಇಲ್ಲೊಂದು ಕಠಿಣ ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಎಂಟು ರೋಗಿಗಳನ್ನು, ಹತ್ತು ರೋಗಿಗಳನ್ನು ಕಂಡು ‘ಈ ಲಕ್ಷಣವಿದ್ದರೆ ಈ ನಡತೆ’ ಎಂಬ ವ್ಯಾಪ್ತಿಯನ್ನು ಹೇಗೆ ಸ್ಥಾಪಿಸುವುದು? ವ್ಯಾಪ್ತಿಯನ್ನು ತಿಳಿಯುವುದೇ ಅಸಾಧ್ಯ ಎಂದು ಚಾರ್ವಾಕರು ಹಿಂದೆಯೇ ಸವಾಲೊಡ್ಡಿದ್ದರು. ಜೈನ ತಾರ್ಕಿಕ ಅಕಲಂಕರ ಉತ್ತರ ಇಲ್ಲಿ ನೆರವಿಗೆ ಬರುತ್ತದೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಅವರು ಬೌದ್ಧರನ್ನು ವಾದದಲ್ಲಿ ಗೆದ್ದುದನ್ನು ಸ್ಮರಿಸುತ್ತದೆ, ಕನ್ನಡ ನಾಡು ಅವರನ್ನು ತನ್ನವರೆಂದೇ ನೆನೆಯುತ್ತದೆ. ವ್ಯಾಪ್ತಿಯನ್ನು ಗ್ರಹಿಸುವ ಕೆಲಸವನ್ನು ಅಕಲಂಕರು ‘ತರ್ಕ’ವೆಂಬ ಪ್ರತ್ಯೇಕ ಪ್ರಮಾಣವಾಗಿ ಎಣಿಸಿದರು. ನಿಯಮವನ್ನು ಕಂಡುಕೊಳ್ಳುವುದು ಒಂದು ಶ್ರಮ, ಅದನ್ನು ಎದುರಿಗಿರುವ ಒಂದು ಪ್ರಸಂಗಕ್ಕೆ ಅನ್ವಯಿಸುವುದು ಇನ್ನೊಂದು. ಎರಡನ್ನೂ ಒಂದೆಂದು ತಿಳಿದವನು ಪುಸ್ತಕದ ಸಾಲನ್ನು ರೋಗಿಯ ಮೇಲೆ ಹೇರುತ್ತಾನೆ. ವಿರಳ ರೋಗದಲ್ಲಿ ನಿಯಮ ಇನ್ನೂ ಹಸಿಯಾಗಿರುವುದರಿಂದ ಪ್ರತಿ ರೋಗಿಯೂ ಅದಕ್ಕೆ ಒಂದು ಸಾಕ್ಷಿ, ಒಮ್ಮೊಮ್ಮೆ ಪ್ರತಿಸಾಕ್ಷಿ. ಜಗತ್ತಿನಾದ್ಯಂತ ಪೆಥಾಲಜಿಸ್ಟ್‌ಗಳು ಇಂಥ ಸ್ಲೈಡುಗಳನ್ನು ಪರಸ್ಪರ ಕಳಿಸಿ ನೋಡಿಸುವುದು ಈ ಕಾರಣಕ್ಕೆ.

ಏಷ್ಯಾದ ಅನುಭವವೇ ಇದಕ್ಕೆ ಒಳ್ಳೆಯ ನಿದರ್ಶನ. 2008ರ ವರ್ಗೀಕರಣದಲ್ಲಿ ಎಂಟರೋಪತಿ ಅಸೋಸಿಯೇಟೆಡ್ ಲಿಂಫೋಮಾಕ್ಕೆ ಒಂದನೆಯ ಮತ್ತು ಎರಡನೆಯ ಬಗೆ ಎಂಬ ವಿಭಾಗವಿತ್ತು. ಎರಡನೆಯದು ಸಿಂಗಪುರ, ಹಾಂಗ್‌ಕಾಂಗ್ ಮೊದಲಾದ ಕಡೆ ಸೀಲಿಯಾಕ್ ಇಲ್ಲದವರಲ್ಲೇ ಮತ್ತೆ ಮತ್ತೆ ಕಂಡಿತು. ಅದರ ಕೋಶಗಳು ಒಂದೇ ಅಚ್ಚಿನವು, ಸಿಡಿ8 ಮತ್ತು ಸಿಡಿ56 ಗುರುತಿನವು, ಸೆಟ್‌ಡಿ2 ಎಂಬ ಜೀನ್ ಹಾಳಾದವು. ಆದ್ದರಿಂದ 2016ರ ಪರಿಷ್ಕರಣೆಯಲ್ಲಿ ಅದನ್ನು ಪೂರ್ತಿ ಬೇರೆ ರೋಗವಾಗಿಸಿ ‘ಮೋನೋಮಾರ್ಫಿಕ್ ಎಪಿಥೀಲಿಯೋಟ್ರಾಪಿಕ್’ ಎಂಬ ಹೆಸರಿಟ್ಟರು. ಯೂರೋಪಿನಲ್ಲಿ ಕಂಡ ನಂಟನ್ನು ಇಡೀ ಜಗತ್ತಿಗೆ ಹಚ್ಚಿದ್ದು ತಪ್ಪಾಗಿತ್ತು.

ದಕ್ಷಿಣ ಭಾರತಕ್ಕೆ ಈ ಮಾತು ನೇರವಾಗಿ ತಟ್ಟುತ್ತದೆ. 2016ರಲ್ಲಿ ಪ್ರಕಟವಾದ, 23 ಸಾವಿರಕ್ಕೂ ಹೆಚ್ಚು ಆರೋಗ್ಯವಂತರನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇಕಡಾ 1.23 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ ಶೇಕಡಾ 0.10 ಮಂದಿಯಲ್ಲಿ ಮಾತ್ರ ಇದ್ದವು. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅನ್ನ, ರಾಗಿ, ಜೋಳದ ಊಟ ಮಾಡುವವರ ನಡುವೆ ಕೆಲಸ ಮಾಡುವ ವೈದ್ಯನಿಗೆ ಸೀಲಿಯಾಕ್‌ನ ಇತಿಹಾಸ ಸಿಗದಿರುವುದು ಸಹಜ. ಹಾಗೆಂದು ಕರುಳಿನ ಟಿ-ಕೋಶ ಲಿಂಫೋಮಾ ಇರಲಾರದು ಎನ್ನುವಂತಿಲ್ಲ.

ಅದಕ್ಕಿಂತ ದೊಡ್ಡ ಅಡ್ಡಿ ಕ್ಷಯ. ಜ್ವರ, ಹೊಟ್ಟೆನೋವು, ತೂಕ ಇಳಿತ, ಕರುಳಿನಲ್ಲಿ ಹುಣ್ಣು ಅಥವಾ ಕಿರಿದಾದ ಜಾಗ ಕಂಡರೆ ಭಾರತದಲ್ಲಿ ಮೊದಲು ಹೊಳೆಯುವುದು ಕರುಳಿನ ಟಿಬಿ. ಹೊಳೆಯಬೇಕಾದ್ದೂ ಅದೇ, ಏಕೆಂದರೆ ಬಹುಪಾಲು ಸಲ ಅದೇ ಇರುತ್ತದೆ. ಬಯಾಪ್ಸಿಯಲ್ಲಿ ಕ್ಷಯದ ಕ್ರಿಮಿ ಅನೇಕ ವೇಳೆ ಸಿಗುವುದಿಲ್ಲ. ಹಾಗಾಗಿ ಆರು ತಿಂಗಳ ಔಷಧ ಶುರುಮಾಡಿ ಗುಣ ಕಂಡರೆ ಟಿಬಿಯೇ ಇತ್ತೆಂದು ತಿಳಿಯುವ ಪದ್ಧತಿ ಬಂದಿದೆ.

ಪ್ರಾಮಾಣ್ಯದ ಬಗ್ಗೆ ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ಕಾಲ ನಡೆದ ಜಗಳ ಈ ಹೊರರೋಗಿ ವಿಭಾಗದಲ್ಲಿ ಮತ್ತೆ ಜೀವ ತಳೆಯುತ್ತದೆ. ಕುಮಾರಿಲ ಭಟ್ಟರ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣ. ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬಂದರೆ, ಅಥವಾ ಅದು ಹುಟ್ಟಿದ ಕಾರಣದಲ್ಲಿ ದೋಷ ಕಂಡರೆ ಮಾತ್ರ ಅದನ್ನು ಬಿಡಬೇಕು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ದೂರದಲ್ಲಿ ಕಂಡದ್ದು ನೀರೇ ಎಂಬುದು ಹೋಗಿ ಕುಡಿದು ದಾಹ ಇಂಗಿದಾಗ ತಿಳಿಯುತ್ತದೆ, ಸಫಲವಾದ ಪ್ರವೃತ್ತಿಯಿಂದಲೇ ಜ್ಞಾನದ ಸತ್ಯ ಗೊತ್ತಾಗುವುದು ಎನ್ನುತ್ತಾರೆ. ಟಿಬಿ ಔಷಧ ಬರೆಯುವಾಗ ವೈದ್ಯ ಮೀಮಾಂಸಕ, ಗುಣ ಕಂಡು ತಲೆದೂಗುವಾಗ ನೈಯಾಯಿಕ. ಎರಡೂ ದಾರಿಗಳಲ್ಲಿ ಈ ಲಿಂಫೋಮಾ ತಪ್ಪಿಸಿಕೊಳ್ಳಬಲ್ಲದು. ಬಾಧಕ ಬಂದಾಗ ನೋಡೋಣ ಎಂದು ಕುಳಿತರೆ ಅದು ಕರುಳು ತೂತಾಗಿಯೇ ಬರಬಹುದು. ಸಫಲತೆಯನ್ನು ನೆಚ್ಚಿದರೆ ಅದೂ ಮೋಸ ಮಾಡಬಹುದು: ನಡುವೆ ಕೊಟ್ಟ ಸ್ಟೀರಾಯ್ಡ್‌ಗಳಿಗೆ ಲಿಂಫೋಮಾ ಕೆಲಕಾಲ ಕುಗ್ಗುತ್ತದೆ, ರೋಗಿಯ ಮುಖದಲ್ಲಿ ಕಳೆ ಬರುತ್ತದೆ, ಆಮೇಲೆ ಮಾಡಿದ ಬಯಾಪ್ಸಿಯೂ ಮಂಕಾಗುತ್ತದೆ. ದಾಹ ಇಂಗಿತು, ಕುಡಿದದ್ದು ನೀರಾಗಿರಲಿಲ್ಲ.

ಭಾರತದ ಜೀರ್ಣಾಂಗ ತಜ್ಞರು ಇದಕ್ಕೆ ಕಂಡುಕೊಂಡ ಪರಿಹಾರ ಈ ಎರಡು ದರ್ಶನಗಳಿಗಿಂತ ಒಂದು ಹೆಜ್ಜೆ ಮುಂದಿದೆ. ಔಷಧ ಶುರುವಾಗಿ ಎರಡು ತಿಂಗಳಿಗೆ ಮತ್ತೆ ಒಳಗೆ ಇಣುಕಿ ಹುಣ್ಣು ಮಾಗಿದೆಯೇ ನೋಡುತ್ತಾರೆ. ರೋಗಿಗೆ ಹಾಯೆನಿಸುತ್ತಿದೆಯೇ ಎಂಬುದು ಅಳತೆಗೋಲಲ್ಲ. ಬಾಧಕಕ್ಕಾಗಿ ಕಾಯದೆ, ದಿನ ಗೊತ್ತುಮಾಡಿ ತಾವೇ ಅದನ್ನು ಹುಡುಕಿಕೊಂಡು ಹೋಗುವ ಶಿಸ್ತು ಇದು. ನಂಬಿ ನಡೆಯಲೂಬೇಕು, ನಂಬಿಕೆಗೆ ಗಡುವನ್ನೂ ಹಾಕಬೇಕು. ಜೀವ ಉಳಿಸುವ ಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಕಾಣುವುದಿಲ್ಲ.

ಇಷ್ಟೆಲ್ಲ ಹೆಸರು, ವರ್ಗಗಳ ಗೊಡವೆ ಏಕೆ, ನರಳುವವನಿಗೆ ಮದ್ದು ಕೊಟ್ಟರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಅವರ ಬೆನ್ನಿಗೆ ಬುದ್ಧನ ಪ್ರಸಿದ್ಧ ದೃಷ್ಟಾಂತವಿದೆ. ವಿಷದ ಬಾಣ ನಾಟಿದವನೊಬ್ಬ, ಹೊಡೆದವನ ಜಾತಿ ಯಾವುದು, ಊರು ಯಾವುದು, ಬಿಲ್ಲು ಯಾವ ಮರದ್ದು ಎಂದು ತಿಳಿಯುವವರೆಗೆ ಬಾಣ ಕೀಳಬೇಡಿ ಎಂದರೆ ಆ ಪ್ರಶ್ನೆಗಳ ನಡುವೆಯೇ ಸಾಯುತ್ತಾನೆ. ದೃಷ್ಟಾಂತದ ತಿರುಳು ಪ್ರಶ್ನೆ ಕೇಳಬಾರದೆಂದಲ್ಲ. ಬಾಣ ಕೀಳುವುದಕ್ಕೆ ನೆರವಾಗದ ಪ್ರಶ್ನೆಯನ್ನು ಬಿಡಬೇಕೆಂದು. ಬಾಣ ಮುಳ್ಳಿನದೋ ನೇರದ್ದೋ ಎಂಬ ಪ್ರಶ್ನೆಯನ್ನು ಯಾವ ಶಸ್ತ್ರವೈದ್ಯನೂ ಬಿಡಲಾರ. ಕರುಳಿನ ಟಿ-ಕೋಶ ರೋಗಗಳಲ್ಲೂ ಪ್ರಶ್ನೆಗಳನ್ನು ಹೀಗೆ ಜರಡಿ ಹಿಡಿಯಬೇಕು. ಉಗ್ರವೋ ಸೌಮ್ಯವೋ ಎಂಬುದು ಎಲ್ಲವನ್ನೂ ಬದಲಿಸುತ್ತದೆ, ಒಂದರಲ್ಲಿ ದಿನಗಳು ಎಣಿಕೆಗೆ ಬರುತ್ತವೆ, ಇನ್ನೊಂದರಲ್ಲಿ ಸುಮ್ಮನೆ ಕಾದು ನೋಡುವುದೇ ಚಿಕಿತ್ಸೆ. ಸೀಲಿಯಾಕ್ ಹಿನ್ನೆಲೆ ಇದೆಯೇ ಎಂಬುದರಿಂದ ರೋಗಿಯ ಊಟ ಬದಲಾಗುತ್ತದೆ, ಒಡಹುಟ್ಟಿದವರ ಪರೀಕ್ಷೆ ಬೇಕಾಗುತ್ತದೆ. ಸಿಡಿ30 ಇದೆಯೇ ಎಂಬುದರ ಮೇಲೆ ಬ್ರೆಂಟುಕ್ಸಿಮ್ಯಾಬ್ ಎಂಬ ಔಷಧದ ಆಯ್ಕೆ ನಿಂತಿದೆ. ಎರಡು ವರ್ಗೀಕರಣಗಳಲ್ಲಿ ಯಾವ ಹೆಸರು ಮೇಲು ಎಂಬುದು ಮಾತ್ರ, ಸದ್ಯಕ್ಕೆ, ಬಿಲ್ಲಿನ ಮರದ ಪ್ರಶ್ನೆ.

ಬೇಗ ತಿಳಿದರೆ ಲಾಭವಿದೆಯೇ? ಇದೆ. ಉಗ್ರ ಬಗೆಯಲ್ಲಿ ಅರ್ಧದಷ್ಟು ರೋಗಿಗಳು ಒಂದು ವರ್ಷವನ್ನೂ ದಾಟುವುದಿಲ್ಲ ಎಂಬುದು ಹಳೆಯ ವರದಿಗಳ ಸಾರ. ಸ್ಕಾಟ್ಲೆಂಡ್ ಮತ್ತು ನ್ಯೂಕ್ಯಾಸಲ್‌ನ ತಂಡ 2010ರಲ್ಲಿ ಪ್ರಕಟಿಸಿದಂತೆ, ತೀವ್ರ ಕಿಮೊಥೆರಪಿ ಮತ್ತು ರೋಗಿಯದೇ ಕಾಂಡಕೋಶಗಳ ಕಸಿಯನ್ನು ಒಳಗೊಂಡ ಚಿಕಿತ್ಸಾಕ್ರಮಕ್ಕೆ ಸೇರಿದ 26 ಮಂದಿಯಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ಶೇಕಡಾ 60. ಹಿಂದಿನ ಚಿಕಿತ್ಸೆಯಲ್ಲಿ ಅದು ಶೇಕಡಾ 22 ಇತ್ತು. ಇಂಥ ಚಿಕಿತ್ಸೆ ತಡೆದುಕೊಳ್ಳಲು ದೇಹದಲ್ಲಿ ಕಸುವು ಉಳಿದಿರಬೇಕು. ತಡವಾಗಿ ಬಂದವರಲ್ಲಿ ಅದೇ ಇರುವುದಿಲ್ಲ.

ನ್ಯಾಯಸೂತ್ರ ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಹೇಳುವಾಗ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದೆ. ಏನೂ ತಿಳಿಯದ್ದರ ಮೇಲೂ, ನಿಶ್ಚಯವಾಗಿ ತಿಳಿದದ್ದರ ಮೇಲೂ ನ್ಯಾಯ ನಡೆಯುವುದಿಲ್ಲ, ಸಂದೇಹವಿರುವಲ್ಲೇ ಅದರ ಕೆಲಸ ಎಂದು ವಾತ್ಸ್ಯಾಯನರು ವಿವರಿಸುತ್ತಾರೆ. ಎರಡೂ ಪಕ್ಷಗಳನ್ನು ವಿಮರ್ಶಿಸಿದ ಬಳಿಕ ಬರುವುದೇ ನಿರ್ಣಯ. ಸಂಶಯವನ್ನು ರೋಗಿಯಿಂದ ಬಚ್ಚಿಡುವ ವೈದ್ಯ ಅವನಿಗೆ ಧೈರ್ಯ ಕೊಟ್ಟೆನೆಂದು ಭಾವಿಸಬಹುದು. ನಿಜಕ್ಕೂ ಆತ ಕಸಿದುಕೊಳ್ಳುವುದು ಎರಡನೆಯ ಅಭಿಪ್ರಾಯ ಕೇಳುವ ಅವಕಾಶವನ್ನು. ‘ಇನ್ನೂ ಗೊತ್ತಾಗಿಲ್ಲ, ಈ ದಿನದೊಳಗೆ ಹೀಗೆ ತಿಳಿದುಕೊಳ್ಳುತ್ತೇವೆ’ ಎಂಬ ಮಾತು ಸತ್ಯವೂ ಹೌದು, ಕರುಣೆಯೂ ಹೌದು.

ಓದುಗರು ನೆನಪಿಡಬೇಕಾದದ್ದು ಇಷ್ಟು. ಸೀಲಿಯಾಕ್ ಇದ್ದವರು ಕಟ್ಟುನಿಟ್ಟಾಗಿ ಗ್ಲೂಟೆನ್ ಬಿಟ್ಟರೆ ಲಿಂಫೋಮಾದ ಅಪಾಯ ತಗ್ಗುತ್ತದೆ ಎಂದು 1989ರಷ್ಟು ಹಿಂದೆಯೇ ‘ಗಟ್’ ಪತ್ರಿಕೆಯ ಅಧ್ಯಯನವೊಂದು ತೋರಿಸಿದೆ. ಪಥ್ಯದಲ್ಲಿದ್ದೂ ಮತ್ತೆ ತೂಕ ಇಳಿದರೆ, ಹೊಟ್ಟೆನೋವು ಮರುಕಳಿಸಿದರೆ ಪಥ್ಯ ತಪ್ಪಿದೆ ಎಂದುಕೊಂಡು ಸುಮ್ಮನಿರಬೇಡಿ, ತಜ್ಞರಿಗೆ ತೋರಿಸಿ. ಕರುಳಿನ ಟಿಬಿಗೆ ಔಷಧ ತೆಗೆದುಕೊಳ್ಳುತ್ತಿರುವವರು ಎರಡು ತಿಂಗಳಿಗೆ ಹುಣ್ಣು ಮಾಗಿದೆಯೇ ಎಂದು ನೋಡಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿ. ಕರುಳಿನ ಲಿಂಫೋಮಾ ಎಂಬ ವರದಿ ಕೈಗೆ ಬಂದರೆ, ರೋಗಿಯ ಸ್ಥಿತಿ ತುರ್ತಾಗಿಲ್ಲದಿದ್ದಲ್ಲಿ, ಮೊದಲ ಕಿಮೊಥೆರಪಿಗೆ ಮುಂಚೆ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಪಡೆದು ರಕ್ತ-ಕ್ಯಾನ್ಸರ್‌ಗಳಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ.